ಕಡಲಲ್ಲಿ ಗಾಳಿ ಇದೆ, ಸಬ್ಸಿಡಿನೂ ಇದೆ, ಆದ್ರೂ ಟೆಂಡರ್‌ಗೆ ಯಾಕೆ ಯಾರೂ ಮುಂದೆ ಬರ್ಲಿಲ್ಲ?

2025ರ ಆಗಸ್ಟ್‌ನಲ್ಲಿ ಬಂದ ಒಂದು ಸುದ್ದಿ ತುಂಬಾ ಜನಕ್ಕೆ ತಲೆಬುಡ ಅರ್ಥ ಆಗ್ಲಿಲ್ಲ. ಸಮುದ್ರದಲ್ಲಿ ಗಾಳಿಯಂತ್ರ ನಿಲ್ಸಿ ಕರೆಂಟ್ ತೆಗೆಯೋಕೆ ಅಂತ ಕೇಂದ್ರ ಸರ್ಕಾರದ ಸೋಲಾರ್ ಎನರ್ಜಿ ಕಾರ್ಪೊರೇಷನ್, ಅಂದ್ರೆ ಸೆಕಿ, ಕರೆದಿದ್ದ ಎರಡು ಟೆಂಡರ್‌ಗಳನ್ನ ರದ್ದು ಮಾಡ್ತು. ಒಂದು ಗುಜರಾತ್ ಕಡಲಿನ 500 ಮೆಗಾವ್ಯಾಟ್ ಯೋಜನೆ, ಇನ್ನೊಂದು ತಮಿಳುನಾಡು ಕಡಲಲ್ಲಿ 4,000 ಮೆಗಾವ್ಯಾಟ್‌ಗೆ ಸಮುದ್ರದ ತಳವನ್ನ ಲೀಸ್‌ಗೆ ಕೊಡೋದು. ಕೊನೇ ದಿನಾಂಕ ಮುಂದಕ್ಕೆ ಹಾಕಿ ಹಾಕಿ, ಕಡೆಗೂ ಕಂಪನಿಗಳಿಂದ ಬೇಕಾದಷ್ಟು ಆಸಕ್ತಿ ಕಾಣದೆ ಕೈಬಿಟ್ರು.

ಗೊಂದಲ ಏನಂದ್ರೆ, ಅದಕ್ಕೆ ಬರೀ ಒಂದು ವರ್ಷ ಮುಂಚೆ, 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಇದೇ ಕೆಲಸಕ್ಕೆ 7,453 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟಿತ್ತು. ಅದ್ರಲ್ಲಿ 6,853 ಕೋಟಿ, ಗುಜರಾತ್‌ಗೆ 500 ತಮಿಳುನಾಡಿಗೆ 500 ಹೀಗೆ ಒಟ್ಟು 1,000 ಮೆಗಾವ್ಯಾಟ್ ಕಟ್ಟೋರಿಗೆ ನಷ್ಟ ತುಂಬಿಕೊಡೋಕೆ, ಉಳಿದ 600 ಕೋಟಿ ಎರಡು ಬಂದರುಗಳನ್ನ ಸಜ್ಜು ಮಾಡೋಕೆ. ಸಮುದ್ರದಿಂದ ದಡಕ್ಕೆ ಕರೆಂಟ್ ತರೋ ಸಬ್‌ಸ್ಟೇಷನ್ ಮತ್ತು ಕೇಬಲ್ ಕೂಡ ಕಂಪನಿ ತಲೆ ಮೇಲೆ ಇಲ್ಲ, ಅದನ್ನ ಕೇಂದ್ರ ಸರ್ಕಾರದ ವಿದ್ಯುತ್ ಲೈನ್ ಕಂಪನಿ ಪವರ್ ಗ್ರಿಡ್ ಕಟ್ಟಿಕೊಡುತ್ತೆ. ಇಷ್ಟೆಲ್ಲಾ ಕೊಟ್ರೂ ಯಾಕೆ ಬರ್ಲಿಲ್ಲ?

ಇದು ಇವತ್ತಿನ ಕಥೆನೂ ಅಲ್ಲ. ಕಡಲ ಗಾಳಿ ವಿದ್ಯುತ್ ನೀತಿ ಬಂದಿದ್ದು 2015ರಲ್ಲಿ. 2018ರಲ್ಲಿ ಆಸಕ್ತಿ ಇದ್ಯಾ ಅಂತ ಕೇಳ್ದಾಗ 35 ಕಂಪನಿಗಳು ಕೈ ಎತ್ತಿದ್ವು, ಆಗ 2022ಕ್ಕೆ 5 ಗಿಗಾವ್ಯಾಟ್ (ಒಂದು ಗಿಗಾವ್ಯಾಟ್ ಅಂದ್ರೆ 1,000 ಮೆಗಾವ್ಯಾಟ್), 2030ಕ್ಕೆ 30 ಗಿಗಾವ್ಯಾಟ್ ಅಂತ ಗುರಿನೂ ಹಾಕಿದ್ರು. 2022 ಬಂತು ಹೋಯ್ತು, ಒಂದು ಕಂಬನೂ ಸಮುದ್ರಕ್ಕೆ ಇಳಿಲಿಲ್ಲ.

ಕಡಲಲ್ಲೇ ಯಾಕೆ ನಿಲ್ಲಿಸಬೇಕು?

ಚಿತ್ರದುರ್ಗ, ಗದಗ ಕಡೆ ಗುಡ್ಡದ ಮೇಲೆ ಬೇಕಾದಷ್ಟು ಗಾಳಿಯಂತ್ರ ಇವೆ, ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ಮತ್ತೆ ಉಪ್ಪುನೀರಿಗೆ ಯಾಕೆ ಇಳೀಬೇಕು ಅನ್ನೋದು ನ್ಯಾಯವಾದ ಪ್ರಶ್ನೆ.

ಉತ್ತರ ಮಳೆಗಾಲದಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರೋದ್ರಿಂದ ಸೋಲಾರ್ ಉತ್ಪಾದನೆ ಕುಗ್ಗುತ್ತೆ, ಅದೇ ಹೊತ್ತಲ್ಲಿ ಕಡಲ ಮೇಲೆ ಮುಂಗಾರು ಗಾಳಿ ಜೋರಾಗಿರುತ್ತೆ, ರಾತ್ರಿನೂ ಬೀಸುತ್ತೆ. ಸಮುದ್ರದ ಮೇಲೆ ಬೆಟ್ಟ ಇಲ್ಲ ಮರ ಇಲ್ಲ ಕಟ್ಟಡ ಇಲ್ಲ, ಹಾಗಾಗಿ ಗಾಳಿ ತಡೆ ಇಲ್ಲದೆ ಒಂದೇ ಸಮ ಬರುತ್ತೆ. ನೆಲದ ಮೇಲಿನ ಯಂತ್ರಕ್ಕಿಂತ ಕಡಲಿನ ಯಂತ್ರ ವರ್ಷದಲ್ಲಿ ಹೆಚ್ಚು ಹೊತ್ತು ಕೆಲಸ ಮಾಡುತ್ತೆ. ಜಮೀನು ಸ್ವಾಧೀನದ ಜಗಳನೂ ಇಲ್ಲ, ಆದ್ರೆ ಜಗಳನೇ ಇಲ್ಲ ಅಂತ ಅಲ್ಲ, ಮೀನುಗಾರರ ವಿಷಯಕ್ಕೆ ಮುಂದೆ ಬರ್ತೀನಿ.

ಗುಜರಾತ್ ಮತ್ತು ತಮಿಳುನಾಡು ಎರಡೂ ಸೇರಿ ಸುಮಾರು 70 ಗಿಗಾವ್ಯಾಟ್ ಸಾಮರ್ಥ್ಯ ಇದೆ ಅನ್ನೋದು ಸರ್ಕಾರದ ಅಂದಾಜು. ಎರಡೂ ಕಡೆ ಎಂಟೆಂಟು ವಲಯ ಗುರುತು ಮಾಡಿದ್ದಾರೆ.

ಲೆಕ್ಕ ಎಲ್ಲಿ ಕೂರ್ತಿಲ್ಲ

ಒಂದು ಅಂದಾಜು ಲೆಕ್ಕ ಹಾಕಿ ನೋಡೋಣ, ಇದು ಯಾವ ಕಂಪನಿಯ ನಿಜವಾದ ಅಂಕಿನೂ ಅಲ್ಲ, ಹೇಗೆ ಕೆಲಸ ಮಾಡುತ್ತೆ ಅಂತ ತೋರ್ಸೋಕೆ ಅಷ್ಟೇ. ಕಡಲಲ್ಲಿ ಒಂದು ಮೆಗಾವ್ಯಾಟ್ ಕಟ್ಟೋಕೆ 20 ಕೋಟಿ ಆಗುತ್ತೆ ಅಂದ್ಕೊಳ್ಳಿ. ವರ್ಷದಲ್ಲಿ 40% ಸಾಮರ್ಥ್ಯದಲ್ಲಿ ಓಡಿದ್ರೆ 35 ಲಕ್ಷ ಯೂನಿಟ್ ಬರುತ್ತೆ. ಸಾಲ, ಬಡ್ಡಿ, ಹೂಡಿಕೆದಾರರ ಲಾಭ ಎಲ್ಲಾ ಸೇರಿ ವರ್ಷಕ್ಕೆ ಬಂಡವಾಳದ 10% ವಾಪಸ್ ಬರಬೇಕು ಅಂದ್ರೆ 2 ಕೋಟಿ, ಅಂದ್ರೆ ಯೂನಿಟ್‌ಗೆ ಸುಮಾರು 5 ರೂಪಾಯಿ 70 ಪೈಸೆ. ಅದೇ 12% ಬೇಕು ಅಂದ್ರೆ 6 ರೂಪಾಯಿ 85 ಪೈಸೆ. ಬೋಟ್, ಸ್ಪೇರ್, ಮೇಂಟೆನೆನ್ಸ್ ಖರ್ಚು ಇದ್ರ ಮೇಲೆ.

ಈಗ ಸರ್ಕಾರದ ನೆರವು ಕಳೀರಿ. 6,853 ಕೋಟಿನ 1,000 ಮೆಗಾವ್ಯಾಟ್‌ಗೆ ಹಂಚಿದ್ರೆ ಮೆಗಾವ್ಯಾಟ್‌ಗೆ 6.85 ಕೋಟಿ. ಉಳಿದಿದ್ದು 13.15 ಕೋಟಿ. 10% ಲೆಕ್ಕದಲ್ಲಿ ಯೂನಿಟ್‌ಗೆ 3 ರೂಪಾಯಿ 75 ಪೈಸೆ, 12% ಲೆಕ್ಕದಲ್ಲಿ ನಾಲ್ಕೂವರೆ ರೂಪಾಯಿ, ಮೇಂಟೆನೆನ್ಸ್ ಬೇರೆ. ಇದನ್ನ ಒಂದು ಎಸ್ಕಾಂ ಅಧಿಕಾರಿ ಮುಂದೆ ಇಡಿ. ಅವರ ಟೇಬಲ್ ಮೇಲೆ ಎರಡೂವರೆ ರೂಪಾಯಿ ಆಸುಪಾಸಿನ ಸೋಲಾರ್ ಆಫರ್ ಇದೆ, ಮೂರೂವರೆ ನಾಲ್ಕು ರೂಪಾಯಿಗೆ ನೆಲದ ಮೇಲಿನ ಗಾಳಿ ಕರೆಂಟ್ ಇದೆ. ಅವರು ಯಾವುದಕ್ಕೆ ಸಹಿ ಹಾಕ್ತಾರೆ?

ಈ ಲೆಕ್ಕದಲ್ಲಿ ಗಮನಿಸಬೇಕಾದ್ದು ಬಡ್ಡಿ. ಎರಡೇ ಪರ್ಸೆಂಟ್ ಜಾಸ್ತಿ ಆದ್ರೆ ನೆರವು ಇಲ್ಲದ ಯೋಜನೆಯಲ್ಲಿ ಯೂನಿಟ್‌ಗೆ ಒಂದು ರೂಪಾಯಿಗೂ ಮೇಲೆ ಏರುತ್ತೆ. ಬ್ಯಾಂಕು ಬಡ್ಡಿ ಏರಿಸೋದು ರಿಸ್ಕ್ ಕಂಡಾಗ. ಈ ದೇಶದಲ್ಲಿ ಯಾರೂ ಮಾಡದ ಕೆಲಸ, ಸಮುದ್ರ ತಳದ ಮಣ್ಣು ಪೂರ್ತಿ ಗೊತ್ತಿಲ್ಲ, ಕರೆಂಟ್ ಕೊಳ್ಳೋರು ಖಾತ್ರಿ ಇಲ್ಲ ಅಂದ್ರೆ ಕಡಿಮೆ ಬಡ್ಡಿಗೆ ಯಾರು ಕೊಡ್ತಾರೆ? ಅಂದ್ರೆ ರಿಸ್ಕ್ ಕಡಿಮೆ ಮಾಡೋ ಕೆಲಸ ಸರ್ಕಾರ ಮಾಡಿದ್ರೆ ಸಬ್ಸಿಡಿಯಷ್ಟೇ ಪರಿಣಾಮ ಆಗುತ್ತೆ, ಕೆಲವು ಸಲ ಕಡಿಮೆ ಖರ್ಚಲ್ಲೇ ಆಗುತ್ತೆ.

ತಮಿಳುನಾಡಿನ 4,000 ಮೆಗಾವ್ಯಾಟ್‌ಗೆ ಈ ನೆರವೂ ಇರಲಿಲ್ಲ. ಕಂಪನಿ ಲೀಸ್ ತಗೊಂಡು, ತಾನೇ ಸರ್ವೆ ಮಾಡಿ, ತಾನೇ ಕಟ್ಟಿ, ಕೊಳ್ಳೋರನ್ನೂ ತಾನೇ ಹುಡುಕ್ಕೋಬೇಕು. ದೇಶದಲ್ಲಿ ಈಗಾಗ್ಲೇ ಟೆಂಡರ್ ಗೆದ್ದೂ ಕೊಳ್ಳೋ ಒಪ್ಪಂದ ಸಿಗದೆ 40 ಗಿಗಾವ್ಯಾಟ್‌ಗಿಂತ ಹೆಚ್ಚು ನವೀಕರಿಸಬಹುದಾದ ವಿದ್ಯುತ್ ಯೋಜನೆಗಳು ಕಾಯ್ತಾ ಕೂತಿದ್ವು ಅನ್ನೋದು 2025ರ ಸ್ಥಿತಿ. ಅಗ್ಗದ ಸೋಲಾರ್‌ಗೇ ಗಿರಾಕಿ ಸಿಗದ ಹೊತ್ತಲ್ಲಿ ದುಬಾರಿ ಕಡಲ ಕರೆಂಟ್‌ಗೆ ಗಿರಾಕಿ ಹುಡುಕ್ಕೊಳ್ಳಿ ಅಂದ್ರೆ ಯಾರೂ ಬರಲ್ಲ, ಅದ್ರಲ್ಲಿ ಆಶ್ಚರ್ಯ ಇಲ್ಲ.

ಎರಡು ಕಡಲು, ಎರಡು ಕಥೆ

ಗುಜರಾತ್ ಮತ್ತು ತಮಿಳುನಾಡನ್ನ ಒಂದೇ ತಕ್ಕಡಿಯಲ್ಲಿ ಹಾಕಿದ್ದು ನನ್ನ ಪ್ರಕಾರ ದೊಡ್ಡ ತಪ್ಪು. ಗುಜರಾತಿನ ಪಿಪಾವಾವ್ ಬಂದರಿನಿಂದ ಕಡಲಲ್ಲಿ ಸುಮಾರು 23 ಕಿಲೋಮೀಟರ್ ಒಳಗೆ, ಖಂಭಾತ್ ಕೊಲ್ಲಿ ಕಡೆ 2017ರಲ್ಲಿ ಲೇಸರ್‌ನಿಂದ ಗಾಳಿ ಅಳೆಯೋ ಲೈಡಾರ್ ಯಂತ್ರ ಕೂರ್ಸಿದ್ರು. ಅಲ್ಲಿ ಸಿಕ್ಕ ಸರಾಸರಿ ವೇಗ ಸೆಕೆಂಡಿಗೆ ಏಳೂವರೆ ಮೀಟರ್ ಆಸುಪಾಸು. ಕನ್ಯಾಕುಮಾರಿ, ತೂತುಕುಡಿ ಕಡೆ ಅದಕ್ಕಿಂತ ಚೆನ್ನಾಗಿದೆ, ಎಂಟರಿಂದ ಹತ್ತರ ನಡುವೆ. ಒಂದೂವರೆ ಮೀಟರ್ ವ್ಯತ್ಯಾಸ ಸಣ್ಣದು ಅನ್ಸುತ್ತೆ, ಆದ್ರೆ ಗಾಳಿಯಲ್ಲಿರೋ ಶಕ್ತಿ ವೇಗದ ಘನದ ಹಾಗೆ ಏರುತ್ತೆ, ಏಳೂವರೆಯಿಂದ ಒಂಬತ್ತಕ್ಕೆ ಹೋದ್ರೆ ಶಕ್ತಿ 70% ಹೆಚ್ಚು. ಎಲ್ಲಾನೂ ಯಂತ್ರದ ಕೈಗೆ ಸಿಗಲ್ಲ, ಆದ್ರೂ ಯೂನಿಟ್ ದರ ತುಂಬಾ ಬದಲಾಗುತ್ತೆ.

ಜೊತೆಗೆ ಗುಜರಾತ್ ಕಡೆ ಮೆತ್ತನೆ ಜೇಡಿಮಣ್ಣಿನ ತಳ, ಜೋರು ಪ್ರವಾಹ, ಮತ್ತೆ ಚಂಡಮಾರುತ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ದಡ ಮುಟ್ಟಿದ್ದು ಉನಾ ಹತ್ರ, ಪಿಪಾವಾವ್‌ನಿಂದ ದೂರ ಇಲ್ಲ. ಅದೇ ಚಂಡಮಾರುತದಲ್ಲಿ ಮುಂಬೈ ಹೈ ತೈಲ ಪ್ರದೇಶದಲ್ಲಿ ಪಿ-305 ಬಾರ್ಜ್ ಮುಳುಗಿ ಎಷ್ಟೋ ಕಾರ್ಮಿಕರು ಸತ್ತರು. ವಿಮೆ ಕೊಡೋ ಕಂಪನಿಗಳು ಇಂಥದ್ದನ್ನ ಮರೆಯಲ್ಲ.

ನಿಜವಾದ ಗಂಟು ದಡದಲ್ಲಿದೆ

ಈಗ ವಿಷಯದ ಮೂಲಕ್ಕೆ ಬರೋಣ. ಇವತ್ತಿನ ದೊಡ್ಡ ಕಡಲ ಯಂತ್ರ 15 ಮೆಗಾವ್ಯಾಟ್‌ದು. ವೆಸ್ಟಾಸ್ ಕಂಪನಿಯ ಅಂಥ ಒಂದು ಮಾಡೆಲ್‌ನ ಒಂದೊಂದು ರೆಕ್ಕೆ 115.5 ಮೀಟರ್ ಉದ್ದ. ಇದನ್ನ ರಸ್ತೆಯಲ್ಲಿ ಲಾರಿ ಮೇಲೆ ತಗೊಂಡು ಹೋಗೋದು ಕನಸಿನ ಮಾತು, ಚಿತ್ರದುರ್ಗಕ್ಕೆ ಹೋಗೋ ರೆಕ್ಕೆ ಲಾರಿಗಳೇ ತಿರುವಲ್ಲಿ ತಾಸುಗಟ್ಟಲೆ ಟ್ರಾಫಿಕ್ ನಿಲ್ಸುತ್ವೆ. ಹಾಗಾಗಿ ಫ್ಯಾಕ್ಟರಿನೇ ಬಂದರಿನ ಪಕ್ಕ ಇರಬೇಕು. ತಳಕ್ಕೆ ಹೊಡೆಯೋ ಉಕ್ಕಿನ ಪೈಪು ಒಂದೊಂದೂ ಸಾವಿರ ಟನ್ ಮೇಲೆ ತೂಗಬಹುದು, ಅದನ್ನ ಮಲಗಿಸೋಕೆ, ಎತ್ತೋಕೆ ಮಾಮೂಲಿ ಕಂಟೇನರ್ ಬರ್ತ್‌ಗಿಂತ ತುಂಬಾ ಗಟ್ಟಿಯಾದ ದಕ್ಕೆ ಬೇಕು, ಎಕರೆಗಟ್ಟಲೆ ಖಾಲಿ ಜಾಗ ಬೇಕು.

ಆಮೇಲೆ ಹಡಗು. ಜಾಕ್-ಅಪ್ ಅಂತಾರೆ, ನಾಲ್ಕೈದು ಉಕ್ಕಿನ ಕಾಲುಗಳನ್ನ ಸಮುದ್ರ ತಳಕ್ಕೆ ಊರಿ, ತನ್ನ ಮೈಯನ್ನೇ ನೀರಿಂದ ಮೇಲೆ ಎತ್ತಿಕೊಂಡು, ಅಲೆ ತಾಗದ ಹಾಗೆ ನಿಂತು ಕ್ರೇನ್‌ನಿಂದ ಯಂತ್ರ ಜೋಡಿಸೋ ಹಡಗು. ಇವು ಇರೋದು ಬಹುಪಾಲು ಯುರೋಪ್ ಮತ್ತು ಚೀನಾದಲ್ಲಿ, ದಿನದ ಬಾಡಿಗೆ ಲಕ್ಷಾಂತರ ಡಾಲರ್. ಮುಂಗಾರಿನಲ್ಲಿ ನಮ್ಮ ಕಡಲಲ್ಲಿ ಕೆಲಸ ಮಾಡೋಕಾಗಲ್ಲ, ಯಾವ ಗಾಳಿಗೋಸ್ಕರ ಹೋಗ್ತೀವೋ ಅದೇ ಗಾಳಿ ವರ್ಷದಲ್ಲಿ ನಾಲ್ಕು ತಿಂಗಳು ಕೆಲಸ ನಿಲ್ಸುತ್ತೆ. 500 ಮೆಗಾವ್ಯಾಟ್ ಅಂದ್ರೆ 15 ಮೆಗಾವ್ಯಾಟ್‌ನ ಬರೀ 34 ಯಂತ್ರ. 34 ಯಂತ್ರಕ್ಕೆ ಅಂತ ಯುರೋಪಿನಿಂದ ಹಡಗು ತರಿಸಿ, ದಕ್ಕೆ ಕಟ್ಟಿ, ಜನಕ್ಕೆ ಟ್ರೇನಿಂಗ್ ಕೊಟ್ಟು, ಆಮೇಲೆ ಎಲ್ಲಾ ವಾಪಸ್ ಕಳಿಸೋದು ಅಂದ್ರೆ ಒಂದು ಮದುವೆಗೋಸ್ಕರ ಕಲ್ಯಾಣ ಮಂಟಪ ಕಟ್ಟಿಸಿದ ಹಾಗೆ. ಪೂರ್ತಿ ಖರ್ಚು ಆ 34 ಯಂತ್ರದ ಮೇಲೇ ಬೀಳುತ್ತೆ. ಇದ್ರ ಹಿಂದೆ ಇನ್ನೂ ಸಾವಿರ ಮೆಗಾವ್ಯಾಟ್ ಬರುತ್ತೆ, ಆಮೇಲೆ ಮತ್ತೆ ಸಾವಿರ ಬರುತ್ತೆ ಅನ್ನೋ ನಂಬಿಕೆ ಹುಟ್ಟಿದ್ರೆ ಮಾತ್ರ ಯಾರಾದ್ರೂ ಇಲ್ಲಿ ಫ್ಯಾಕ್ಟರಿ ಹಾಕ್ತಾರೆ, ಹಡಗು ಕಟ್ಟಿಸ್ತಾರೆ, ಆಗ ದರ ಇಳಿಯುತ್ತೆ. ಟೆಂಡರ್ ಸೋತಿದ್ದು ಮುಖ್ಯವಾಗಿ ಇಲ್ಲೇ ಅನ್ನೋದು ನನ್ನ ಅಭಿಪ್ರಾಯ, ಸರ್ಕಾರ ಒಂದು ಯೋಜನೆಗೆ ದುಡ್ಡಿಟ್ಟಿತು, ಅದ್ರ ಹಿಂದೆ ಬರಬೇಕಾದ ಸಾಲಿಗೆ ಖಾತ್ರಿ ಕೊಡ್ಲಿಲ್ಲ.

ನಮಗೆ ಕಡಲ ಕೆಲಸವೇ ಗೊತ್ತಿಲ್ಲ ಅಂತಾನೂ ಅಲ್ಲ. ಸಾಗರ್ ಸಮ್ರಾಟ್ ರಿಗ್ ಮುಂಬೈ ಹೈನಲ್ಲಿ ತೈಲ ಕಂಡಿದ್ದು 1974ರಲ್ಲಿ, ಅವತ್ತಿಂದ ಪ್ಲಾಟ್‌ಫಾರ್ಮ್, ಪೈಪ್‌ಲೈನ್ ಎಲ್ಲಾ ಮಾಡ್ತಾ ಬಂದಿದ್ದೀವಿ.

ಬೇರೆ ದೇಶದಲ್ಲೂ ಖಾಲಿ ಟೆಂಡರ್

ಇದು ಭಾರತದ್ದೇ ಸೋಲು ಅಂತ ಅಂದ್ಕೊಂಡ್ರೆ ತಪ್ಪಾಗುತ್ತೆ. 2023ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಹರಾಜಿನಲ್ಲಿ ಕಡಲ ಗಾಳಿಗೆ ಒಂದೇ ಒಂದು ಬಿಡ್ ಬರ್ಲಿಲ್ಲ, ಅದೂ ಈ ಕೆಲಸದಲ್ಲಿ ಪಳಗಿದ ದೇಶ. ಕಾರಣ ಸರಳ, ಉಕ್ಕಿನ ಬೆಲೆ ಬಡ್ಡಿ ಎರಡೂ ಏರಿದ್ರೂ ಸರ್ಕಾರ ಗರಿಷ್ಠ ದರವನ್ನ 2012ರ ಬೆಲೆ ಮಟ್ಟದಲ್ಲಿ ಮೆಗಾವ್ಯಾಟ್-ಅವರ್‌ಗೆ, ಅಂದ್ರೆ 1,000 ಯೂನಿಟ್‌ಗೆ, 44 ಪೌಂಡ್‌ನಲ್ಲಿ ಹಿಡಿದಿಟ್ಟಿತ್ತು. ಮುಂದಿನ ಸುತ್ತಿಗೆ ಅದನ್ನ 73ಕ್ಕೆ ಏರಿಸಿದ್ರು, ಕಂಪನಿಗಳು ಬಂದ್ವು, ಕೊನೆಗೆ ನಿಂತ ದರ 73ಕ್ಕಿಂತ ಕಡಿಮೆನೇ ಆಯ್ತು. 2024ರ ಡಿಸೆಂಬರ್‌ನಲ್ಲಿ ಡೆನ್ಮಾರ್ಕ್‌ನ ಉತ್ತರ ಸಮುದ್ರದ ಟೆಂಡರ್ ಖಾಲಿ ಹೋಯ್ತು, 2025ರ ಆಗಸ್ಟ್‌ನಲ್ಲಿ ಜರ್ಮನಿದೂ ಖಾಲಿ. ಅಮೆರಿಕದಲ್ಲಿ ಟ್ರಂಪ್ ಅಧಿಕಾರಕ್ಕೆ ಬಂದ ದಿನವೇ ಹೊಸ ಕಡಲ ಲೀಸ್‌ಗಳಿಗೆ ತಡೆ ಬಿತ್ತು. ಇಷ್ಟಾದ್ರೂ ಚೀನಾ ನಿಂತಿಲ್ಲ, 2024ರ ಕೊನೆಗೆ ಪ್ರಪಂಚದ ಕಡಲ ಗಾಳಿ ಸಾಮರ್ಥ್ಯದಲ್ಲಿ ಹತ್ತಿರ ಹತ್ತಿರ ಅರ್ಧ ಅದರದ್ದೇ.

ಡೆನ್ಮಾರ್ಕ್‌ನ ಎಸ್ಬಿಯೆರ್ ಬಂದರಿನ ಉದಾಹರಣೆ ನೋಡಬೇಕು. ಒಂದು ಕಾಲಕ್ಕೆ ಮೀನಿನ ಬಂದರು, ಆಮೇಲೆ ತೈಲದ ಬಂದರು. 2002ರಲ್ಲಿ ಹತ್ತಿರದ ಕಡಲಲ್ಲಿ 80 ಯಂತ್ರಗಳ ಹಾರ್ನ್ಸ್ ರೆವ್ ಶುರುವಾದಾಗ ಅಲ್ಲಿಂದಲೇ ಸಾಮಾನು ಹೋಯ್ತು, ಆಮೇಲೆ ಒಂದರ ಹಿಂದೆ ಒಂದು ಬೇರೆ ದೇಶದ ಯೋಜನೆಗಳಿಗೂ ಅದೇ ಬಂದರು. ಇಂಗ್ಲೆಂಡಿನ ಹಲ್ ಊರಲ್ಲೂ ಹಾಗೇ, 2016ರಲ್ಲಿ ಸೀಮೆನ್ಸ್ ಅಲ್ಲಿ ಹಡಗುಕಟ್ಟೆ ಪಕ್ಕದಲ್ಲೇ ರೆಕ್ಕೆ ಫ್ಯಾಕ್ಟರಿ ತೆಗೀತು. ಎರಡೂ ಕಡೆ ಬಂದರಿಗೆ ಜೀವ ಬಂದಿದ್ದು ಆರ್ಡರ್ ಸಾಲಾಗಿ ಬಂದಿದ್ದರಿಂದ.

ಕಾಯೋಣ ಅನ್ನೋರು, ಶುರು ಮಾಡೋಣ ಅನ್ನೋರು

ಕಾಯೋಣ ಅನ್ನೋರ ವಾದ ಹಗುರವಾಗಿ ತಗೊಳ್ಳೋ ಹಾಗಿಲ್ಲ. ಬ್ಯಾಟರಿ ದರ ಒಂದೆರಡು ವರ್ಷದಲ್ಲೇ ಜೋರಾಗಿ ಇಳಿದಿದೆ, ಹಗಲು ಸೋಲಾರ್ ತುಂಬಿಸಿ ಸಂಜೆ ಕೊಟ್ರೆ ಕಡಲ ಕರೆಂಟ್‌ಗಿಂತ ಅಗ್ಗ. ಹೀಗಿರುವಾಗ 7,453 ಕೋಟಿ ಸಾರ್ವಜನಿಕ ದುಡ್ಡನ್ನ ಸಮುದ್ರಕ್ಕೆ ಯಾಕೆ ಸುರೀಬೇಕು, ಬೇರೆ ದೇಶದವರು ಮಾಡಿ ಕಲಿತು ದರ ಇಳಿಸಲಿ, ಆಮೇಲೆ ನಾವು ಕೊಳ್ಳೋಣ ಅಂತಾರೆ.

ಶುರು ಮಾಡೋಣ ಅನ್ನೋರು ಹೇಳೋದು, ಬ್ಯಾಟರಿ ನಾಲ್ಕು ಗಂಟೆ ತಳ್ಳುತ್ತೆ, ವಾರಗಟ್ಟಲೆ ಮೋಡ ಮುಸುಕಿದ ಜುಲೈ ತಿಂಗಳನ್ನ ತಳ್ಳಲ್ಲ. ಮತ್ತೆ, ಸೋಲಾರ್‌ನಲ್ಲಿ ದರ ಇಳಿಯೋವರೆಗೆ ಕಾದು ಕೂತಿದ್ದಕ್ಕೆ ಪ್ಯಾನೆಲ್ ಎಲ್ಲಾ ಚೀನಾದಿಂದ ತರಿಸ್ಕೋಬೇಕಾಯ್ತು, ಕಡಲ ಗಾಳಿಯಲ್ಲೂ ಅದೇ ಆಗುತ್ತೆ ಅಂತ.

ನನಗೆ ಎರಡನೇ ವಾದ ಹೆಚ್ಚು ಸರಿ ಅನ್ಸುತ್ತೆ, ಆದ್ರೆ ಒಂದು ಷರತ್ತಿನ ಮೇಲೆ, ದುಡ್ಡನ್ನ ಎರಡು ರಾಜ್ಯಕ್ಕೆ ಸಮವಾಗಿ ಹಂಚೋ ಬದಲು ಮೊದಲು ಗಾಳಿ ಚೆನ್ನಾಗಿರೋ ತಮಿಳುನಾಡಿನಲ್ಲಿ ಇಡಬೇಕು, ಒಂದೇ ಬಂದರನ್ನ, ಅಂದ್ರೆ ತೂತುಕುಡಿಯನ್ನ ಪೂರ್ತಿ ಸಜ್ಜು ಮಾಡಬೇಕು. ಎರಡು ಅರ್ಧಂಬರ್ಧ ಬಂದರಿಗಿಂತ ಒಂದು ಪೂರ್ತಿ ಬಂದರು ಮೇಲು.

ಬಲೆ ಹಾಕೋರ ಜಾಗ

ಪಿಪಾವಾವ್ ಪಕ್ಕದಲ್ಲೇ ಜಾಫ್ರಾಬಾದ್ ಇದೆ, ಬೊಂಬಿಲ್ ಮೀನಿಗೆ ಹೆಸರಾದ ಬಂದರು. ಅಲ್ಲಿ ದೋಲ್ ಬಲೆ ಹಾಕ್ತಾರೆ, ಪ್ರವಾಹಕ್ಕೆ ಎದುರಾಗಿ ಒಂದೇ ಕಡೆ ನೆಟ್ಟು ನಿಲ್ಲಿಸೋ ಬಲೆ ಅದು, ಉಬ್ಬರ ಇಳಿತದ ನೀರು ಮೀನನ್ನ ತಂದು ತುಂಬುತ್ತೆ. ಅಂಥ ಬಲೆಗೆ ಜಾಗ ಬದಲಾಯ್ಸೋದು ಸುಲಭ ಇಲ್ಲ. ಟ್ರಾಲ್ ಬೋಟ್‌ನವರ ತೊಂದರೆ ಬೇರೆ, ಅವರು ತಳ ಗೀರಿಕೊಂಡು ಬಲೆ ಎಳೀತಾರೆ, ತಳದಲ್ಲಿ ಕೇಬಲ್ ಇದ್ರೆ ಬಲೆನೂ ಹೋಗುತ್ತೆ ಕೇಬಲ್ಲೂ ಹೋಗುತ್ತೆ. ತಮಿಳುನಾಡು ಕಡೆ ಮನ್ನಾರ್ ಕೊಲ್ಲಿಯಲ್ಲಿ 21 ದ್ವೀಪಗಳ ಸಾಗರ ರಾಷ್ಟ್ರೀಯ ಉದ್ಯಾನ ಇದೆ, ಪಾಕ್ ಕೊಲ್ಲಿಯಲ್ಲಿ 2022ರಲ್ಲಿ ಕಡಲಹಸುಗಳಿಗೆ ಅಂತ 448 ಚದರ ಕಿಲೋಮೀಟರ್ ರಕ್ಷಿತ ಪ್ರದೇಶ ಮಾಡಿದ್ದಾರೆ, ಅಲ್ಲೇ ಶ್ರೀಲಂಕಾ ಗಡಿ ಗಲಾಟೆಯಿಂದ ಮೀನುಗಾರರು ಮೊದಲೇ ಬೇಸತ್ತಿದ್ದಾರೆ.

ಸಮುದ್ರಕ್ಕೆ ಪಹಣಿ ಇಲ್ಲ. ಜಮೀನಾದ್ರೆ ಸರ್ವೆ ನಂಬರ್ ತೋರ್ಸಿ ಪರಿಹಾರ ಕೇಳಬಹುದು, ಇಲ್ಲಿ ತಲೆತಲಾಂತರದಿಂದ ಬಲೆ ಹಾಕಿದವರ ಹತ್ರ ಒಂದು ಚೂರು ಕಾಗದ ಇರಲ್ಲ. ಹಾಗಾಗಿ ಯಾರು ಯಾವ ಕಾಲದಲ್ಲಿ ಎಲ್ಲಿ ಮೀನು ಹಿಡೀತಾರೆ ಅನ್ನೋ ನಕ್ಷೆ, ಲೀಸ್ ಕೊಡೋಕೆ ಮುಂಚೆನೇ, ಮೀನುಗಾರರ ಸಂಘಗಳನ್ನ ಕೂರಿಸಿಕೊಂಡೇ ಮಾಡಬೇಕು. ಆಮೇಲೆ ಮಾಡ್ತೀವಿ ಅಂದ್ರೆ ಕೋರ್ಟ್ ಸ್ಟೇ ಬರುತ್ತೆ, ಆ ಸ್ಟೇ ಭಯನೂ ಬ್ಯಾಂಕಿನ ಬಡ್ಡಿಗೇ ಸೇರಿಕೊಳ್ಳುತ್ತೆ.

ಅಲೆ, ಉಬ್ಬರ ಎಲ್ಲಿಗೆ ಬಂತು

ಗಾಳಿ ಬಿಟ್ಟು ಅಲೆ ಮತ್ತು ಉಬ್ಬರದಿಂದ ಕರೆಂಟ್ ತೆಗೆಯೋ ಮಾತೂ ಆಗಾಗ ಬರುತ್ತೆ. ಖಂಭಾತ್ ಕೊಲ್ಲಿಯಲ್ಲಿ ಉಬ್ಬರ ಇಳಿತದ ಗರಿಷ್ಠ ವ್ಯತ್ಯಾಸ 11 ಮೀಟರ್, ಕಚ್ಛ್‌ನಲ್ಲಿ 8 ಮೀಟರ್. ಕೇರಳದ ವಿಳಿಂಜಂನಲ್ಲಿ 1991ರಲ್ಲೇ 150 ಕಿಲೋವ್ಯಾಟ್ ಅಲೆ ವಿದ್ಯುತ್ ಘಟಕ ಕಟ್ಟಿದ್ರು. ಸುಂದರಬನ್‌ನ ದುರ್ಗಾದುವಾನಿ ಉಬ್ಬರ ವಿದ್ಯುತ್ ಯೋಜನೆ 3.75 ಮೆಗಾವ್ಯಾಟ್‌ದು, ಖರ್ಚು ಕೈ ಮೀರಿ ಕೈಬಿಟ್ರು. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ 2003ರಿಂದ ಪರೀಕ್ಷಾ ಕೇಂದ್ರ ಇದೆ, ಸಮುದ್ರದಲ್ಲಿ ಕೇಬಲ್ ಹಾಕಿ ಪರ್ಮಿಷನ್ ಎಲ್ಲಾ ರೆಡಿ ಇಟ್ಟಿರ್ತಾರೆ, ಯಂತ್ರ ತಂದು ಸಿಕ್ಕಿಸಿ ಟೆಸ್ಟ್ ಮಾಡಬಹುದು. ಅಲ್ಲಿ ಟೆಸ್ಟ್ ಮಾಡಿದ ಪೆಲಾಮಿಸ್ ಅನ್ನೋ ಅಲೆ ಕಂಪನಿ 2014ರಲ್ಲಿ ಮುಳುಗಿತು, ಆದ್ರೆ ಕಲಿತ ಜನ, ಬೋಟ್‌ನವರು, ಡೈವರ್‌ಗಳು ಆ ದ್ವೀಪದಲ್ಲೇ ಉಳಿದ್ರು, ಉಬ್ಬರದ ಯಂತ್ರಗಳಿಗೆ ಕೆಲಸ ಮಾಡಿದ್ರು. ನಮ್ಮಲ್ಲಿ ಒಂದೊಂದು ಊರಲ್ಲಿ ಒಂದೊಂದು ಪ್ರಯೋಗ ಮಾಡಿ ಬಿಟ್ಟಿದ್ದರಿಂದ ಆ ಅನುಭವ ಒಂದು ಕಡೆ ಸೇರ್ಲಿಲ್ಲ.

ಕರ್ನಾಟಕದ ಪಾಲು

ಗುರುತಿಸಿದ ವಲಯಗಳಲ್ಲಿ ಕರ್ನಾಟಕ ಇಲ್ಲ, ಕಾರವಾರದಿಂದ ತಲಪಾಡಿವರೆಗಿನ ನಮ್ಮ ಕಡಲಲ್ಲಿ ಗಾಳಿ ಆ ಮಟ್ಟಕ್ಕಿಲ್ಲ, ಉಬ್ಬರದ ಎತ್ತರನೂ ಕಡಿಮೆ. ನಮಗೂ ಒಂದು ಕಡಲ ಗಾಳಿ ಪಾರ್ಕ್ ಕೊಡಿ ಅಂತ ಕೇಳೋದ್ರಲ್ಲಿ ಅರ್ಥ ಇಲ್ಲ. ಆದ್ರೆ ಕೊಚ್ಚಿನ್ ಶಿಪ್‌ಯಾರ್ಡ್ ಈಗಾಗ್ಲೇ ಯುರೋಪಿನ ಕಡಲ ಗಾಳಿ ಪಾರ್ಕ್‌ಗಳಿಗೆ ಸರ್ವಿಸ್ ಹಡಗು ಕಟ್ಟೋ ಆರ್ಡರ್ ಹಿಡಿದಿದೆ, ಟೆಕ್ನಿಷಿಯನ್‌ಗಳು ವಾರಗಟ್ಟಲೆ ಇದ್ದು ರಿಪೇರಿ ಮಾಡೋ ಹಡಗುಗಳು ಅವು. ಅದೇ ಕಂಪನಿಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಮಲ್ಪೆಯಲ್ಲಿದೆ, ಟಗ್ ಕಟ್ಟುತ್ತೆ, ನಾರ್ವೆ ಕಂಪನಿಗೆ ಸರಕು ಹಡಗುಗಳ ಆರ್ಡರ್ ತಗೊಂಡಿದೆ. ಸುರತ್ಕಲ್ ಎನ್‌ಐಟಿಕೆಯಲ್ಲಿ ಸಾಗರ ಇಂಜಿನಿಯರಿಂಗ್ ಓದಿಸ್ತಾರೆ, ನವಮಂಗಳೂರು ಬಂದರು ಪಕ್ಕದಲ್ಲೇ ಇದೆ, ಪಡುಬಿದ್ರಿಯಲ್ಲಿ ಗಾಳಿಯಂತ್ರ ಕಂಪನಿ ಸುಜ್ಲಾನ್ ಹಿಂದೆ ರೆಕ್ಕೆ ಘಟಕ ಹಾಕಿತ್ತು. ಸಿಬ್ಬಂದಿ ಸಾಗಿಸೋ ಬೋಟು, ಟಗ್, ಸರ್ವಿಸ್ ಹಡಗು, ತರಬೇತಿ, ಈ ನಾಲ್ಕರಲ್ಲಿ ಪಾಲು ಕೇಳೋದು ಕರಾವಳಿಗೆ ಹೊಂದೋ ಬೇಡಿಕೆ. ಕೇಂದ್ರದಲ್ಲಿ ನವೀಕರಿಸಬಹುದಾದ ಇಂಧನ ಖಾತೆ 2024ರಿಂದ ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಅವರ ಕೈಲಿರೋದ್ರಿಂದ ಆ ಬೇಡಿಕೆ ಎಲ್ಲಿ ಇಡಬೇಕು ಅನ್ನೋದೂ ಸ್ಪಷ್ಟ.

ಮುಂದಿನ ಟೆಂಡರ್‌ನಲ್ಲಿ ಏನು ನೋಡಬೇಕು

ಮತ್ತೆ ಟೆಂಡರ್ ಕರೆದಾಗ ಹೆಡ್‌ಲೈನ್‌ನಲ್ಲಿರೋ ಮೆಗಾವ್ಯಾಟ್ ನೋಡಿ ಖುಷಿಪಡೋಕೆ ಮುಂಚೆ, ಕೊಳ್ಳೋ ರಾಜ್ಯ ದರ ಒಪ್ಪಿ ಸಹಿ ಹಾಕಿದ್ಯಾ ನೋಡಿ, ತಳದ ಮಣ್ಣು ಮತ್ತು ಗಾಳಿಯ ಅಳತೆ ಟೆಂಡರ್ ಜೊತೆಗೇ ಕೊಟ್ಟಿದ್ದಾರಾ ನೋಡಿ, ಎರಡನೇ ಮೂರನೇ ಸುತ್ತಿನ ತಾರೀಖು ಬರೆದಿದ್ದಾರಾ ನೋಡಿ. ಇವು ಇಲ್ಲದಿದ್ರೆ ಸಬ್ಸಿಡಿ ಮೊತ್ತ ಹೆಚ್ಚು ಮಾಡಿದ್ರೂ ಫಲಿತಾಂಶ ಅದೇ ಆಗೋ ಸಾಧ್ಯತೆ ಜಾಸ್ತಿ.

ಕಾಲನೂ ಜಾಸ್ತಿ ಇಲ್ಲ. ಅಂತರರಾಜ್ಯ ಲೈನಿನಲ್ಲಿ ಕರೆಂಟ್ ಸಾಗಿಸೋ ಶುಲ್ಕದ ಪೂರ್ತಿ ವಿನಾಯಿತಿ ಕಡಲ ಗಾಳಿ ಯೋಜನೆಗೆ ಸಿಗೋದು 2032ರ ಡಿಸೆಂಬರ್ 31ರ ಒಳಗೆ ಚಾಲೂ ಆದ್ರೆ ಮಾತ್ರ. ಟೆಂಡರ್ ಗೆದ್ದ ಮೇಲೆ ಸರ್ವೆ, ಪರವಾನಗಿ, ಸಾಲ, ಆರ್ಡರ್, ಆಮೇಲೆ ಮುಂಗಾರು ಬಿಟ್ಟು ಉಳಿದ ತಿಂಗಳಲ್ಲಿ ಕಟ್ಟೋ ಕೆಲಸ, ಎಲ್ಲಾ ಸೇರಿ ಐದಾರು ವರ್ಷ ಬೇಕು. ಟೆಂಡರ್ ಇನ್ನೂ ಒಂದೆರಡು ವರ್ಷ ಎಳೆದ್ರೆ ಆ ಪೂರ್ತಿ ವಿನಾಯಿತಿ ಕೈತಪ್ಪುತ್ತೆ, ಬೇರೆ ರಾಜ್ಯಕ್ಕೆ ಮಾರೋ ಕರೆಂಟ್‌ನ ದರ ಇನ್ನಷ್ಟು ಏರುತ್ತೆ, ಈಗಲೇ ಹಿಂಜರೀತಿರೋ ಎಸ್ಕಾಂಗಳು ಆಗ ಆ ಫೈಲ್ ತೆಗೆದೂ ನೋಡಲ್ಲ.